ಫ್ಯೂಸ್ ಸುಟ್ಟದ್ದೇಕೆ? ಕಾರಿನ ಪವರ್ ಸಾಕೆಟ್‌ನ ದೋಷ ಪತ್ತೆ

ಗೇರ್ ಲಿವರಿನ ಮುಂದೆ ಇರುವ ದುಂಡನೆಯ ಪವರ್ ಸಾಕೆಟ್ ಕೆಲಸ ನಿಲ್ಲಿಸಿದಾಗ ಹೆಚ್ಚಿನವರು ಮೊದಲು ಮಾಡುವುದು ಫ್ಯೂಸ್ ಬದಲಾಯಿಸುವುದನ್ನು. ನಮ್ಮ ನೆರೆಮನೆಯವರೂ ಹಾಗೆಯೇ ಮಾಡಿದ್ದರು. ಎರಡು ಹೊಸ ಫ್ಯೂಸ್‌ಗಳು ಒಂದರ ಹಿಂದೊಂದು ಸುಟ್ಟುಹೋದ ಮೇಲೆ, 15 ಆಂಪಿಯರಿನ ಜಾಗಕ್ಕೆ 30 ಆಂಪಿಯರಿನದನ್ನು ಹಾಕಲು ಅವರು ಹೊರಟಿದ್ದಾಗ ನಾನು ಬೇಡವೆಂದು ತಡೆದೆ. ಸುಟ್ಟ ಫ್ಯೂಸ್ ದೋಷವಲ್ಲ. ದೋಷ ಬೇರೆಲ್ಲೋ ಇದೆ ಎಂಬುದಕ್ಕೆ ಸಾಕ್ಷಿ. ಅದರ ಮಾತು ಕೇಳದೆ ಬಾಯಿ ಮುಚ್ಚಿಸಿದರೆ ಬೆಂಕಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ.

ಈ ಸಾಕೆಟ್ ರೂಪುಗೊಂಡದ್ದು ಸಿಗರೇಟ್ ಲೈಟರಿಗಾಗಿ. ಒಳಕ್ಕೆ ಒತ್ತಿದ ಲೈಟರಿನ ಸುರುಳಿ ಕೆಂಪಗೆ ಕಾದಾಗ, ಅದನ್ನು ಹಿಡಿದಿದ್ದ ದ್ವಿಲೋಹ ಪಟ್ಟಿಗಳು ಶಾಖಕ್ಕೆ ಬಾಗಿ ಹಿಡಿತ ಬಿಡುತ್ತವೆ, ಸ್ಪ್ರಿಂಗ್ ಅದನ್ನು ಹೊರಕ್ಕೆ ತಳ್ಳುತ್ತದೆ. ಲೈಟರ್ ಮರೆಯಾದರೂ ಅದರ ಗೂಡು ಉಳಿದುಕೊಂಡಿತು. ತಳದ ನಡುವಿನ ಬಿಂದು ಬ್ಯಾಟರಿಯ ಧನ ತುದಿಗೆ, ಸುತ್ತಲಿನ ಲೋಹದ ಗೋಡೆ ಕಾರಿನ ಬಾಡಿಯ ಮೂಲಕ ಋಣ ತುದಿಗೆ ಸೇರಿಕೊಂಡಿವೆ. ಇವೆರಡರ ನಡುವೆ ಇರುವುದು ಅತ್ಯಲ್ಪ ಅಂತರ, ಅದೂ ಬಾಯಿ ತೆರೆದ ಗೂಡಿನೊಳಗೆ. ನಾಣ್ಯ, ಚಾಕೊಲೇಟಿನ ಬೆಳ್ಳಿ ಕಾಗದ, ತಲೆಪಿನ್ನು ಯಾವುದು ಬಿದ್ದರೂ ಸೇತುವೆಯಾಗಬಲ್ಲದು.

ಹಾಗಾದ ಕ್ಷಣದಲ್ಲಿ ನೂರಾರು ಆಂಪಿಯರ್ ಕೊಡಬಲ್ಲ ಬ್ಯಾಟರಿಯನ್ನು ತಡೆಯುವುದು ಫ್ಯೂಸಿನೊಳಗಿನ ತೆಳುವಾದ ಲೋಹದ ಪಟ್ಟಿ ಮಾತ್ರ. ಪಟ್ಟಿ ಸಾಮಾನ್ಯವಾಗಿ ಸತುವಿನದು, ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಇದು ರಕ್ಷಿಸುವುದು ನಮ್ಮ ಚಾರ್ಜರನ್ನಲ್ಲ, ಡ್ಯಾಶ್‌ಬೋರ್ಡಿನ ಹಿಂದೆ ಹಾದುಹೋಗುವ ತಂತಿಯನ್ನು ಎಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ತಂತಿಯ ದಪ್ಪಕ್ಕೆ ತಕ್ಕಂತೆ 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ ಬಣ್ಣದ ಫ್ಯೂಸ್ ಇಟ್ಟಿರುತ್ತಾರೆ. ಅಲ್ಲಿ 30ರ ಹಸಿರು ಫ್ಯೂಸ್ ಅಥವಾ ತಾಮ್ರದ ಎಳೆ ಕೂರಿಸಿದರೆ, ಇನ್ನು ಮೊದಲು ಕಾಯುವುದು ತಂತಿ. ಕರಗುವುದು ಅದರ ಪ್ಲಾಸ್ಟಿಕ್ ಹೊದಿಕೆ.

ಪರೀಕ್ಷೆಯನ್ನು ಸುಲಭದಿಂದ ಆರಂಭಿಸಬೇಕು. ಕೆಲವು ಕಾರುಗಳಲ್ಲಿ ಕೀ ತಿರುಗಿಸದೆ ಸಾಕೆಟ್‌ಗೆ ವಿದ್ಯುತ್ ಬರುವುದೇ ಇಲ್ಲ. ಇನ್ನೊಂದು ಚಾರ್ಜರ್ ಹಾಕಿ ನೋಡುವುದೂ ಒಳ್ಳೆಯದು, ಏಕೆಂದರೆ ಕೆಲವು ಚಾರ್ಜರುಗಳ ತುದಿಯೊಳಗೆ ಅವುಗಳದೇ ಪುಟ್ಟ ಫ್ಯೂಸ್ ಇರುತ್ತದೆ. ಆಮೇಲೆ ಟಾರ್ಚ್ ಹಿಡಿದು ಗೂಡಿನೊಳಗೆ ಇಣುಕಬೇಕು. ಆದರೆ ಫ್ಯೂಸ್ ಕಿತ್ತಿಡದೆ ಒಳಗೆ ಚಿಮುಟ ಹಾಕಬಾರದು, ಚಿಮುಟವೂ ಲೋಹವೇ. ನೆರೆಮನೆಯವರ ಕಾರಿನಲ್ಲಿ ಸಿಕ್ಕಿದ್ದು ಹಳೆಯ ಚಾರ್ಜರಿನ ತುದಿಯ ಲೋಹದ ಟೊಪ್ಪಿ. ತಿರುಪು ಸಡಿಲಾಗಿ ಕಳಚಿಕೊಂಡು, ತಳದಲ್ಲಿ ಓರೆಯಾಗಿ ಬಿದ್ದು, ನಡುವಿನ ಬಿಂದುವಿಗೂ ಗೋಡೆಗೂ ತಾಗಿಕೊಂಡಿತ್ತು. ಅದನ್ನು ತೆಗೆದ ಮೇಲೆ 15ರ ನೀಲಿ ಫ್ಯೂಸ್ ಸುಡದೆ ನಿಂತಿತು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ದೋಷವಿದೆ, ಅದರ ವಿಷಯದಲ್ಲಿ ಫ್ಯೂಸ್ ಏನನ್ನೂ ಹೇಳುವುದಿಲ್ಲ. ಶಾರ್ಟ್ ಎಂದರೆ ವಿದ್ಯುತ್ತಿಗೆ ದಾರಿ ತೀರಾ ಸಲೀಸಾಗುವುದು. ತುಕ್ಕು ಹಿಡಿದ ಜೋಡಣೆ ಎಂದರೆ ದಾರಿ ದುರ್ಗಮವಾಗುವುದು. ಇಲ್ಲಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಕೂಡ ಒಮ್ಮೊಮ್ಮೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಕೆಂಪು ಮೊನೆಯನ್ನು ನಡುವಿಗೂ ಕಪ್ಪು ಮೊನೆಯನ್ನು ಗೋಡೆಗೂ ಮುಟ್ಟಿಸಿದರೆ 12.6 ವೋಲ್ಟ್ ತೋರಿಸಬಹುದು, ಆದರೂ ಟೈರಿಗೆ ಗಾಳಿ ತುಂಬುವ ಪಂಪು ತಿರುಗದಿರಬಹುದು. ಇಂದಿನ ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್‌ನಷ್ಟಿರುತ್ತದೆ. ಅಂದರೆ ಅದು ಎಳೆಯುವ ವಿದ್ಯುತ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಹಾಗಾಗಿ ಕೆಟ್ಟ ಜೋಡಣೆಯಲ್ಲಿ ವೋಲ್ಟೇಜ್ ನಷ್ಟವಾಗುವ ಪ್ರಸಂಗವೇ ಬರುವುದಿಲ್ಲ. ಹನಿ ಹನಿಯಾಗಿ ನೀರು ಬಿಡುವಾಗ ಕಸ ಕಟ್ಟಿದ ಕೊಳವೆ ಗೊತ್ತಾಗದಿರುವಂತೆ.

ಲೆಕ್ಕ ಹಾಕಿ ನೋಡೋಣ. ಜೋಡಣೆಯ ರೋಧ ಕೇವಲ ಅರ್ಧ ಓಮ್ ಎಂದಿರಲಿ. 1 ಆಂಪಿಯರ್ ಎಳೆಯುವ ಫೋನ್ ಚಾರ್ಜರಿಗೆ ಅಲ್ಲಿ ನಷ್ಟವಾಗುವುದು ಅರ್ಧ ವೋಲ್ಟ್, ಅದರಿಂದ ತೊಂದರೆಯಿಲ್ಲ. ಅದೇ ಜೋಡಣೆಯಲ್ಲಿ 10 ಆಂಪಿಯರ್ ಹರಿದರೆ 5 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ, ಜೊತೆಗೆ 50 ವಾಟ್ ಶಾಖ ಹುಟ್ಟುತ್ತದೆ. ಅದು ತಂತಿ ಬೆಸೆಯುವ ಸೋಲ್ಡರಿಂಗ್ ಕಡ್ಡಿಯ ಶಾಖಕ್ಕೆ ಸಮ. ಸಾಕೆಟ್‌ನ ಪ್ಲಾಸ್ಟಿಕ್ ಮೆತ್ತಗಾಗಲು ಸಾಕು. ಆದ್ದರಿಂದ ನನಗೆ ಮೀಟರಿಗಿಂತ ಮೊದಲು ನಂಬಿಕೆ ಇರುವುದು ಆಟೊ ಎಲೆಕ್ಟ್ರಿಷಿಯನ್ನರು ಎರಡು ತಂತಿ ಬೆಸೆದು ಇಟ್ಟುಕೊಳ್ಳುವ 21 ವಾಟಿನ ಹಳೆಯ ಇಂಡಿಕೇಟರ್ ಬಲ್ಬಿನ ಮೇಲೆ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ, ಜೋಡಣೆ ತೀರಾ ಕೆಟ್ಟಿದ್ದರೆ ಮಂಕಾಗಿ ಉರಿಯುತ್ತದೆ. ಮಂಕಾಗಿ ಉರಿಯುತ್ತಿರುವಾಗಲೇ ಮೀಟರಿನ ಒಂದು ಮೊನೆಯನ್ನು ಸಾಕೆಟ್‌ನ ಗೋಡೆಗೂ ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೂ ಮುಟ್ಟಿಸಿ ನೋಡಬೇಕು. ಸೊನ್ನೆಯ ಆಸುಪಾಸು ಇರಬೇಕಾದಲ್ಲಿ ಎರಡು ಮೂರು ವೋಲ್ಟ್ ಕಂಡರೆ ಗೋಡೆಯ ತಂತಿಯನ್ನು ಬಾಡಿಗೆ ಸೇರಿಸುವ ಅರ್ಥಿಂಗ್ ಸ್ಕ್ರೂ ಸಡಿಲಾಗಿದೆ ಅಥವಾ ತುಕ್ಕು ಹಿಡಿದಿದೆ ಎಂದು ತಿಳಿಯಬಹುದು. ಸೊನ್ನೆಯೇ ಕಂಡರೆ ದೋಷ ಧನ ತಂತಿಯ ದಾರಿಯಲ್ಲಿದೆ.

ಗೂಡು ಸ್ವಚ್ಛವಾಗಿದ್ದು, ಏನನ್ನೂ ಸಿಕ್ಕಿಸದೆಯೂ ಹೊಸ ಫ್ಯೂಸ್ ಸುಟ್ಟರೆ, ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲೋ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗುತ್ತಿರಬಹುದು. ಅಲ್ಲಿ ಏರ್‌ಬ್ಯಾಗಿನ ತಂತಿಗಳೂ ಇರುವುದರಿಂದ ಅದನ್ನು ನಾವು ಬಿಚ್ಚದೆ, ಆ ಫ್ಯೂಸಿನ ಜಾಗ ಖಾಲಿ ಬಿಟ್ಟು, ಅದೇ ಫ್ಯೂಸಿನಿಂದ ಬೇರೇನು ನಡೆಯುತ್ತದೆಂದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಯ ಚಿತ್ರದಲ್ಲಿ ನೋಡಿಕೊಂಡು, ಕಾರನ್ನು ಎಲೆಕ್ಟ್ರಿಷಿಯನ್ನರ ಬಳಿಗೆ ಒಯ್ಯಬೇಕು.