ಶಿಕಾಗೋ ಶುರುವಾಗಿದ್ದು ಯಾರ ಮನೆಯಿಂದ?

ಶಿಕಾಗೋದಲ್ಲಿ ಸರೋವರದ ದಂಡೆ ಉದ್ದಕ್ಕೂ ಹೋಗೋ ಲೇಕ್ ಶೋರ್ ಡ್ರೈವ್ ಅನ್ನೋ ರಸ್ತೆಗೆ 2021ರಲ್ಲಿ ಡುಸಾಬಲ್ ಹೆಸರು ಸೇರಿಸಿದ್ರು. ಯಾರಪ್ಪಾ ಇವ್ರು ಅಂತ ಕೇಳೋರು ಈಗ್ಲೂ ಇದಾರೆ, ಯಾಕಂದ್ರೆ ಬಹಳ ಕಾಲ ಆ ಊರಿನ ಮೂಲಪುರುಷ ಅಂದ್ರೆ ಜಾನ್ ಕಿಂಝಿ ಅನ್ನೋ ವ್ಯಾಪಾರಿ ಅಂತಲೇ ನಂಬಿದ್ರು.

ಝಾನ್ ಬ್ಯಾಪ್ಟಿಸ್ಟ್ ಪಾಯಿಂಟ್ ಡುಸಾಬಲ್ ಕಪ್ಪು ಜನಾಂಗದವರು. ಹುಟ್ಟಿದ್ದು ಹೈಟಿಲಿ ಅಂತಾರೆ, ಗಟ್ಟಿ ದಾಖಲೆ ಇಲ್ಲ. 1779ರಲ್ಲಿ ಅಮೆರಿಕನ್ನರ ಪರ ಇದಾರೆ ಅನ್ನೋ ಅನುಮಾನದ ಮೇಲೆ ಬ್ರಿಟಿಷರು ಹಿಡ್ಕೊಂಡು ಹೋಗಿದ್ರು, ಬಿಡುಗಡೆ ಆದ್ಮೇಲೆ 1780ರ ದಶಕದಲ್ಲಿ ಶಿಕಾಗೋ ನದಿ ಮಿಷಿಗನ್ ಸರೋವರಕ್ಕೆ ಸೇರೋ ಜಾಗದಲ್ಲಿ ನೆಲೆ ನಿಂತ್ರು. ಹೆಂಡತಿ ಕಿಟಿಹಾವಾ, ಪೊಟವಾಟಮಿ ಅನ್ನೋ ಅಲ್ಲಿನ ಮೂಲನಿವಾಸಿ ಬುಡಕಟ್ಟಿನವರು. ಡುಸಾಬಲ್ ವ್ಯಾಪಾರಿ, ಆ ಕಾಲದ ತುಪ್ಪಳದ ವ್ಯಾಪಾರ ನಡೀತಿದ್ದದ್ದೇ ಬುಡಕಟ್ಟಿನವರ ಜೊತೆಗಿನ ನೆಂಟಸ್ತನದ ಮೇಲೆ, ಹಾಗಾಗಿ ಈ ಸಂಸಾರಾನ ವ್ಯಾಪಾರದಿಂದ ಬೇರೆ ಮಾಡಿ ನೋಡೋಕೆ ಆಗಲ್ಲ. 1788ರಲ್ಲಿ ಕಹೋಕಿಯಾ ಅನ್ನೋ ಊರಲ್ಲಿ ಪಾದ್ರಿ ಮುಂದೆ ಮದುವೆ ಆಯ್ತು, ಮಕ್ಕಳು ಝಾನ್ ಮತ್ತು ಸುಸಾನ್.

1790ರಲ್ಲಿ ಆ ದಾರೀಲಿ ಹೋದ ಹ್ಯೂ ಹೆವಾರ್ಡ್ ಅನ್ನೋರು ಇವರ ಹತ್ರ ಹಿಟ್ಟು, ಬ್ರೆಡ್ಡು, ಹಂದಿಮಾಂಸ ಕೊಂಡಿದ್ದನ್ನ ಡೈರೀಲಿ ಬರೆದಿದಾರೆ. ಆದ್ರೆ ನಿಜವಾಗ್ಲೂ ಕಣ್ಣು ತೆರೆಸೋದು 1800ರ ಕ್ರಯಪತ್ರ. 40 ಅಡಿ ಉದ್ದ 22 ಅಡಿ ಅಗಲದ ಮನೆ, ಎರಡು ಕೊಟ್ಟಿಗೆ, ಕುದುರೆ ಕಟ್ಟಿ ತಿರುಗಿಸೋ ಗಿರಣಿ, ಬ್ರೆಡ್ ಸುಡೋ ಮನೆ, ಹಾಲಿನ ಮನೆ, ಮಾಂಸಕ್ಕೆ ಹೊಗೆ ಹಾಕೋ ಮನೆ, ಕೋಳಿಗೂಡು, 30 ದನ, 38 ಹಂದಿ, 44 ಕೋಳಿ, ಎಲ್ಲಾ ಸೇರಿ 6,000 ಲಿವ್ರ್‌ಗೆ (ಆಗಿನ ಫ್ರೆಂಚ್ ಹಣ) ಝಾನ್ ಲಾಲೀಮ್ ಅನ್ನೋ ವ್ಯಾಪಾರಿಗೆ ಮಾರಿದ್ರು. ಇದು ಕಾಡಲ್ಲಿ ಗುಡಿಸಲು ಹಾಕ್ಕೊಂಡಿದ್ದ ಒಂಟಿ ಮನುಷ್ಯನ ಕಥೆ ಅಲ್ಲವೇ ಅಲ್ಲ, ತುಂಬಿದ ಮನೆ. ಕ್ರಯಪತ್ರಕ್ಕೆ ಸಾಕ್ಷಿ ಹಾಕಿದವರಲ್ಲಿ ಅದೇ ಕಿಂಝಿ ಒಬ್ಬರು!

ಕಿಂಝಿ 1804ರಲ್ಲಿ ಆ ಮನೆಗೆ ಬಂದ್ರು, ಮುಂದೆ ಅದು ಕಿಂಝಿ ಮನೆ ಅಂತಲೇ ಹೆಸರಾಯ್ತು. 1856ರಲ್ಲಿ ಅವರ ಕುಟುಂಬದಿಂದಲೇ ಬಂದ ಪುಸ್ತಕ ಜನಪ್ರಿಯ ಆಯ್ತು, ಅದರಲ್ಲಿ ಡುಸಾಬಲ್‌ಗೆ ಸಿಕ್ಕಿದ್ದು ಕೆಲವೇ ಸಾಲು. ಕ್ರಯಪತ್ರ ಡೆಟ್ರಾಯಿಟ್‌ನ ಕಡತಗಳಲ್ಲಿ ಸಿಕ್ಕಿದ್ದು 20ನೇ ಶತಮಾನದಲ್ಲಿ. 1933ರ ವಿಶ್ವ ಮೇಳದಲ್ಲಿ ಅವರ ಮನೆಯ ಮಾದರಿ ಕಟ್ಟಿಸೋಕೆ ಕಪ್ಪು ಮಹಿಳೆಯರು ವರ್ಷಗಟ್ಟಲೆ ಓಡಾಡಬೇಕಾಯ್ತು, ಸರ್ಕಾರ ಸ್ಥಾಪಕ ಅಂತ ಒಪ್ಪಿಕೊಂಡಿದ್ದು 1968ರಲ್ಲಿ.

ಡುಸಾಬಲ್ 1818ರಲ್ಲಿ ಮಿಸ್ಸೌರಿಯ ಸೇಂಟ್ ಚಾರ್ಲ್ಸ್‌ನಲ್ಲಿ ತೀರ್ಕೊಂಡ್ರು. ಶಿಕಾಗೋದಲ್ಲಿ ಆ ಮನೆ ಇದ್ದ ಜಾಗದ ಹತ್ರ 2009ರಿಂದ ಪ್ರತಿಮೆ ಇದೆ, ಅವರೊಬ್ಬರದ್ದೇ. ಕಿಟಿಹಾವಾ ಅಲ್ಲಿಲ್ಲ.