ಪದ ಪರಿಚಯ: ನಿರಪರಾಧೀಕರಣ

ಸ್ವಂತ ಬಳಕೆಗೆಂದು ಅಲ್ಪ ಪ್ರಮಾಣದ ಮಾದಕ ವಸ್ತುವನ್ನು ಇಟ್ಟುಕೊಂಡವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವುದನ್ನು ಕೈಬಿಟ್ಟು, ಆ ವಸ್ತುವಿನ ಮೇಲಿನ ನಿಷೇಧವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುವ ಕ್ರಮವನ್ನು ನಿರಪರಾಧೀಕರಣ ಎನ್ನುತ್ತಾರೆ. ಇದು ಡಿಕ್ರಿಮಿನಲೈಸೇಷನ್ ಎಂಬುದಕ್ಕೆ ಸಂವಾದಿಯಾದ ಪದ. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಗಾಂಜಾ ಪ್ರಕರಣದ ಸುದ್ದಿ ಬಂದಾಗಲೆಲ್ಲ "ಹೊರದೇಶಗಳಲ್ಲಿ ಇದಕ್ಕೆ ಅಡ್ಡಿಯೇ ಇಲ್ಲವಲ್ಲ" ಎಂಬ ಮಾತು ಕೇಳಿಬರುತ್ತದೆ. ಆ ಮಾತಿನಲ್ಲಿ ಬೇರೆ ಬೇರೆ ಅರ್ಥದ ಮೂರು ಪದಗಳು ಬೆರೆತುಹೋಗಿರುತ್ತವೆ.

ನಿರಪರಾಧೀಕರಣಕ್ಕೆ ಎಲ್ಲರೂ ಕೊಡುವ ಉದಾಹರಣೆ ಪೋರ್ಚುಗಲ್. ಅಲ್ಲಿ 2001ರ ಜುಲೈನಿಂದ, ಹತ್ತು ದಿನಗಳ ಬಳಕೆಗೆ ಸಾಲುವಷ್ಟು ವಸ್ತುವಿನೊಂದಿಗೆ ಸಿಕ್ಕಿದವರನ್ನು ಕ್ರಿಮಿನಲ್ ನ್ಯಾಯಾಲಯಕ್ಕೆ ಒಯ್ಯದೆ, ಮೂವರು ಸದಸ್ಯರ ಆಯೋಗವೊಂದರ ಮುಂದೆ ಹಾಜರುಪಡಿಸುತ್ತಾರೆ. ವ್ಯಸನಿಯೆಂದು ಕಂಡುಬಂದವರನ್ನು ಆಯೋಗ ಚಿಕಿತ್ಸೆಗೆ ಕಳುಹಿಸಬಹುದು, ಉಳಿದವರಿಗೆ ದಂಡ ವಿಧಿಸಬಹುದು ಅಥವಾ ಎಚ್ಚರಿಕೆ ಕೊಟ್ಟು ಬಿಡಬಹುದು. ವಸ್ತುವನ್ನು ಮಾತ್ರ ಮುಟ್ಟುಗೋಲು ಹಾಕಿಕೊಳ್ಳುತ್ತಾರೆ, ಮಾರಿದವನಿಗೆ ಇಂದಿಗೂ ಜೈಲೇ ಗತಿ. ಅಂದರೆ ಅಲ್ಲಿ ಯಾವುದೂ "ಫ್ರೀ" ಆಗಿಲ್ಲ.

ಎರಡನೆಯ ಪದ ಕಾನೂನುಬದ್ಧಗೊಳಿಸುವಿಕೆ. ಉರುಗ್ವೆ 2013ರಲ್ಲಿ, ಕೆನಡಾ 2018ರಲ್ಲಿ ಗಾಂಜಾ ಬೆಳೆಯುವುದನ್ನೂ ಮಾರುವುದನ್ನೂ ಪರವಾನಗಿಯ ವ್ಯಾಪ್ತಿಗೆ ತಂದವು. ನೆದರ್ಲೆಂಡ್ಸ್ ನಿರಪರಾಧೀಕರಣಕ್ಕೂ ಇದಕ್ಕೂ ನಡುವೆ ನಿಂತಿದೆ: ಅಲ್ಲಿ ಕಾಫಿಶಾಪ್ ಎಂದು ಕರೆಯುವ ಗಾಂಜಾ ಅಂಗಡಿಗಳಲ್ಲಿ ಒಬ್ಬರಿಗೆ ಐದು ಗ್ರಾಂವರೆಗೆ ಮಾರುವುದನ್ನು ಸರ್ಕಾರ ಸಹಿಸಿಕೊಂಡರೂ, ಅದೇ ಅಂಗಡಿಗೆ ಸರಕು ಒದಗಿಸುವುದನ್ನು ಬಹುಕಾಲದವರೆಗೆ ಅಪರಾಧವೆಂದೇ ಎಣಿಸುತ್ತ ಬಂದಿತು.

ಮೂರನೆಯದಾದ ವಿನಾಯಿತಿ ಎಂಬ ಪದವನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಸ್ತ್ರಾಸ್ತ್ರ ಕಾಯ್ದೆ ದೇಶಕ್ಕೆಲ್ಲ ಒಂದೇ ಆಗಿದ್ದರೂ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಯ ಹಿಂದಿರುವ ಸಂಪ್ರದಾಯವನ್ನು ಕಾನೂನು ಮನ್ನಿಸಿದೆಯೇ ಹೊರತು ಕಾಯ್ದೆಯನ್ನು ತೆಗೆದುಹಾಕಿಲ್ಲ. ಬೊಲಿವಿಯ ಕೇಳಿದ್ದೂ ಇಂಥದ್ದನ್ನೇ. ಆಂಡೀಸ್ ಜನರು ತಲೆಮಾರುಗಳಿಂದ ಅಗಿಯುತ್ತ ಬಂದ ಕೋಕಾ ಎಲೆಯನ್ನು ವಿಶ್ವಸಂಸ್ಥೆಯ 1961ರ ಮಾದಕ ವಸ್ತು ಒಪ್ಪಂದ ನಿಷೇಧಿಸಿದ್ದರಿಂದ, ಆ ದೇಶ 2012ರಲ್ಲಿ ಒಪ್ಪಂದದಿಂದ ಹೊರಬಂದು, ಎಲೆ ಅಗಿಯುವ ಹಕ್ಕನ್ನು ಕಾಯ್ದಿರಿಸಿಕೊಂಡು 2013ರಲ್ಲಿ ಮರಳಿ ಸೇರಿತು.

ಒಂದೇ ಒಪ್ಪಂದಕ್ಕೆ ಒಳಪಟ್ಟ ದೇಶಗಳು ಹೀಗೆ ಬೇರೆ ಬೇರೆ ದಾರಿ ಹಿಡಿದಿವೆ. ಸಿಂಗಪುರದಲ್ಲಿ 15 ಗ್ರಾಂಗಿಂತ ಹೆಚ್ಚು ಹೆರಾಯಿನ್ ಸಾಗಿಸಿದವರಿಗೆ ಮರಣದಂಡನೆಯಾಗಬಹುದು. ಅಮೆರಿಕದ ಆರಿಗನ್ ರಾಜ್ಯ 2020ರ ಜನಮತದಿಂದ ನಿರಪರಾಧೀಕರಣವನ್ನು ಒಪ್ಪಿಕೊಂಡು, 2024ರಲ್ಲಿ ಹಿಂದೆ ಸರಿಯಿತು. ಅಲ್ಲಿ ಶಿಕ್ಷೆ ಕೂಡಲೇ ರದ್ದಾದರೂ ಚಿಕಿತ್ಸೆಗೆ ಮೀಸಲಾದ ಹಣ ತಡವಾಗಿ ತಲುಪಿತು. ಪೋರ್ಚುಗಲ್‌ನಲ್ಲಿ ಚಿಕಿತ್ಸೆಯ ಏರ್ಪಾಡು ಕಾನೂನಿನ ಜೊತೆಜೊತೆಗೇ ಬೆಳೆದಿತ್ತು. ಈ ಪದವನ್ನು ಚರ್ಚಿಸುವವರು ಮೊದಲು ಗಮನಿಸಬೇಕಾದ ವ್ಯತ್ಯಾಸ ಇದೇ ಎಂದು ನನ್ನ ನಂಬಿಕೆ.

ಭಾರತದಲ್ಲಿ ನಿರಪರಾಧೀಕರಣವಾಗಿಲ್ಲ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇವನೆಯೂ ಅಪರಾಧವೇ, ವಸ್ತು ಯಾವುದೆಂಬುದರ ಮೇಲೆ ಆರು ತಿಂಗಳು ಅಥವಾ ಒಂದು ವರ್ಷದವರೆಗೆ ಸೆರೆವಾಸವಿದೆ. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್ ನಮ್ಮ ಜಿಲ್ಲೆಯ ಪ್ರತಿ ಮನೆಗೂ ತಿಳಿದಿರಬೇಕಾದದ್ದು. ಊರಿನವರ ಮಾತಿಗೂ ಪೊಲೀಸರಿಗೂ ಹೆದರಿ ಮಗನ ವ್ಯಸನವನ್ನು ಮುಚ್ಚಿಡುವ ತಂದೆತಾಯಿಗಳು ಕಾಫಿ ತೋಟದ ದೊಡ್ಡ ಮನೆಗಳಲ್ಲೂ ಇದ್ದಾರೆ, ಕಾರ್ಮಿಕರ ಲೈನ್‌ಮನೆಗಳಲ್ಲೂ ಇದ್ದಾರೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ತಾನಾಗಿಯೇ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ ಆ ಆರೋಪಕ್ಕಾಗಿ ಅವನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ ಎನ್ನುತ್ತದೆ ಈ ಸೆಕ್ಷನ್. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಮಾತ್ರ ಈ ರಕ್ಷಣೆಯನ್ನು ಹಿಂಪಡೆಯಬಹುದು.