12ನೇ ಗಂಟೆಯ ತಟ್ಟೆ

ಲ್ಯಾಬ್‌ಗೆ ಹೊಸದಾಗಿ ಸೇರಿದ ವಿದ್ಯಾರ್ಥಿನಿ ಒಂದು ಪ್ರಯೋಗದ ಪಟ್ಟಿ ತಂದು ನನ್ನ ಮುಂದಿಟ್ಟಳು. ಜೀವಕೋಶಗಳಿಗೆ ಔಷಧಿ ಹಾಕಿ 2, 4, 8, 12, 24 ಗಂಟೆಗೆ ಒಂದೊಂದು ತಟ್ಟೆ ತೆಗೆಯಬೇಕು. ಶುರು ಮಾಡೋದು ಬೆಳಿಗ್ಗೆ ಹತ್ತಕ್ಕೆ. “12ನೇ ಗಂಟೆಯದ್ದು ರಾತ್ರಿ ಹತ್ತಕ್ಕೆ ಬೀಳುತ್ತಲ್ಲಮ್ಮಾ?” ಎಂದೆ. “ಪರವಾಗಿಲ್ಲ ಮೇಡಂ, ಇರ್ತೀನಿ” ಎಂದಳು. ಪಿಎಚ್‌ಡಿ ಕಾಲದಲ್ಲಿ ನಾನೂ ಹೀಗೇ ಎಷ್ಟು ಸಲ “ಪರವಾಗಿಲ್ಲ” ಅಂದಿದ್ದೆನೋ!

ಇಬ್ಬರೂ ಕೂತು ಪಟ್ಟಿಯನ್ನು ತಿರುಗಿಸಿದೆವು. ಎಲ್ಲ ತಟ್ಟೆಗಳನ್ನು ಒಟ್ಟಿಗೆ ಶುರು ಮಾಡುವ ಬದಲು ಒಟ್ಟಿಗೆ ಮುಗಿಸೋಣ ಅಂತ. 24 ಗಂಟೆಯ ತಟ್ಟೆಗೆ ಹಿಂದಿನ ದಿನ ಸಂಜೆ ಐದಕ್ಕೆ ಔಷಧಿ. 8ರದ್ದಕ್ಕೆ ಬೆಳಿಗ್ಗೆ ಒಂಬತ್ತಕ್ಕೆ, 4ರದ್ದಕ್ಕೆ ಮಧ್ಯಾಹ್ನ ಒಂದಕ್ಕೆ, 2ರದ್ದಕ್ಕೆ ಮೂರಕ್ಕೆ. ಸಂಜೆ ಐದಕ್ಕೆ ಎಲ್ಲವನ್ನೂ ತೆಗೆದರೆ ಮುಗಿಯಿತು. 12ರ ತಟ್ಟೆ ಮಾತ್ರ ಬೆಳಗಿನ ಜಾವ ಐದಕ್ಕೆ ಹೋಗಿ ಕೂತಿತು. “ಇದು ಯಾಕೆ ಬೇಕು?” ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಹಳೇ ಸಂಶೋಧನಾ ಪೇಪರ್‌ನಲ್ಲಿ ಇತ್ತು, ಅದಕ್ಕೇ ಹಾಕಿದೆ” ಎಂದಳು. ತೆಗೆದುಹಾಕಿದೆವು.

ಎಲ್ಲ ಪ್ರಯೋಗವೂ ಹೀಗೆ ಬಗ್ಗುವುದಿಲ್ಲ, ನಿಜ. ಇ. ಕೋಲಿ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ, 37 ಡಿಗ್ರಿ ಶಾಖ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಮನೆಯಲ್ಲಿ ಮಗುವಿಗೆ ಜ್ವರ ಬಂದಿದೆ ಅಂತ ಅದು ಕಾಯುತ್ತದೆಯೇ? ಆದರೆ ನಾನು ಕಂಡ ತಡರಾತ್ರಿಗಳಲ್ಲಿ ಜಾಸ್ತಿ ಪಾಲು ಬ್ಯಾಕ್ಟೀರಿಯಾದ ತಪ್ಪಲ್ಲ. ಕೊನೆಯ ಹೆಜ್ಜೆ ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ಯಾರೂ ಎಣಿಸಿರುವುದಿಲ್ಲ, ಅಷ್ಟೇ. ಈಗ ನಮ್ಮಲ್ಲಿ ಅದನ್ನು ಬರೆದಿಟ್ಟ ಮೇಲೇ ಪಿಪೆಟ್ ಮುಟ್ಟುವುದು.

ಪೇಪರ್, ಅರ್ಜಿಗಳ ಬರವಣಿಗೆಯದ್ದು ಇನ್ನೊಂದು ಕಥೆ. ಅಲ್ಲಿ ಗಡಿಯಾರವೇ ಇಲ್ಲ. ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದಿದ್ದರು: ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅಂದಾಜು ಮಾಡುವಾಗ ನಾವು ಕೈಯಲ್ಲಿರುವ ಯೋಜನೆಯನ್ನಷ್ಟೇ ನೋಡುತ್ತೇವೆ, ಹಿಂದೆ ಇಂಥದ್ದೇ ಕೆಲಸಕ್ಕೆ ಎಷ್ಟು ಹಿಡಿಯಿತು ಎಂದು ನೋಡುವುದಿಲ್ಲ. ದಿನವಿಡೀ ಅಳೆಯುವುದೇ ಕೆಲಸವಾದ ನಾವೂ ಇದರಿಂದ ತಪ್ಪಿಸಿಕೊಂಡಿಲ್ಲ. ನನ್ನ ಡೈರಿಯಲ್ಲಿ ಒಂದು ಪೇಪರ್‌ನ ಬಗ್ಗೆ “ಮೂರನೇ ಚಿತ್ರ, ಎರಡು ದಿನ” ಎಂದಿದೆ. ನಿಜಕ್ಕೂ ಹಿಡಿದ ದಿನಗಳನ್ನು ಪಕ್ಕದಲ್ಲಿ ಆಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದು: 11. ಈಗ ಗ್ರಾಂಟ್ ಅರ್ಜಿಗೆ ಕೂರುವ ಮೊದಲು ಆ ಕೆಂಪು ಅಂಕಿಗಳನ್ನೇ ನೋಡುತ್ತೇನೆ. ನಾನು “ಇನ್ನರ್ಧ ಗಂಟೆ” ಎಂದು ಫೋನ್ ಮಾಡಿದರೆ ಮನೆಯವರು ಸುಮ್ನೆ ಮೂರರಿಂದ ಗುಣಿಸಿಕೊಳ್ಳುತ್ತಾರೆ. ಅವರ ಅಂದಾಜು ನನ್ನದಕ್ಕಿಂತ ಸರಿ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಒಮ್ಮೆ ರಾತ್ರಿ ಹನ್ನೊಂದೂವರೆಗೆ ಒಬ್ಬ ವಿದ್ಯಾರ್ಥಿಗೆ “ಗ್ರಾಫ್ ನೋಡಿದೆ, ಬಣ್ಣ ಬದಲಿಸಿದರೆ ಚೆನ್ನ” ಎಂದು ಒಂದು ಸಾಲು ಇಮೇಲ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಹುಡುಗ ರಾತ್ರಿ ಎರಡಕ್ಕೆ ಹೊಸ ಗ್ರಾಫ್ ಕಳಿಸಿದ್ದ. ನಾನು ಬರೆದದ್ದು ಮರೆತುಹೋಗದಿರಲಿ ಅಂತ. ಅವನು ಓದಿಕೊಂಡದ್ದು ಗೈಡ್ ಹೇಳಿದ ಕೆಲಸ ಅಂತ. ಈಗಲೂ ರಾತ್ರಿಯೇ ಬರೆಯುತ್ತೇನೆ, ಆದರೆ ಬೆಳಿಗ್ಗೆ ಒಂಬತ್ತಕ್ಕೆ ಹೋಗುವಂತೆ ಇಡುತ್ತೇನೆ.

ಮೇರಿ ಕ್ಯೂರಿ ಮನೆ, ಲ್ಯಾಬ್ ಎರಡನ್ನೂ ಹೇಗೆ ನಿಭಾಯಿಸಿದರು ಎಂಬ ಭಾಷಣಗಳನ್ನು ಎಲ್ಲರೂ ಕೇಳಿರುತ್ತೀರಿ. ಮಗಳು ಐರೀನ್ ಹುಟ್ಟಿದ್ದು 1897ರ ಸೆಪ್ಟೆಂಬರ್‌ನಲ್ಲಿ. ಪೊಲೋನಿಯಂ, ರೇಡಿಯಂ ಎರಡನ್ನೂ ಕಂಡುಹಿಡಿದದ್ದು 1898ರಲ್ಲಿ. ಭಾಷಣದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಹೆಸರು ಯೂಜೀನ್ ಕ್ಯೂರಿ. ಮೇರಿಯ ಗಂಡ ಪಿಯರ್‌ನ ತಂದೆ, ವೈದ್ಯರು. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದು ಮೊಮ್ಮಗಳನ್ನು ನೋಡಿಕೊಂಡವರು. ಆ ತಾತನ ಗಂಟೆಗಳು ಯಾವ ಪೇಪರ್‌ನಲ್ಲೂ ಇಲ್ಲ. ನನ್ನ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ವರ್ಷಗಳಲ್ಲಿ ಅಂಥ ಗಂಟೆ ಕೊಟ್ಟವರು ನನ್ನ ಗಂಡ. ನಾನು ಕೇಳಿಯೂ ಇರಲಿಲ್ಲ, ತಗೊಂಡುಬಿಟ್ಟಿದ್ದೆ.

ಪಿಎಚ್‌ಡಿ ಮುಗಿದ ಮೇಲಿನ ವರ್ಷಗಳು ಮತ್ತು ಮಕ್ಕಳಾಗುವ ವರ್ಷಗಳು ಅನೇಕರಿಗೆ ಒಂದರ ಮೇಲೊಂದು ಬರುತ್ತವೆ. ಸಂಶೋಧನೆಗೆ ಧನಸಹಾಯ ಕೊಡುವ ಕೆಲವು ಸಂಸ್ಥೆಗಳು ಇದನ್ನು ಲೆಕ್ಕಕ್ಕೆ ತಗೊಳ್ಳುತ್ತವೆ. ಯುರೋಪಿಯನ್ ರಿಸರ್ಚ್ ಕೌನ್ಸಿಲ್ ತಾಯಂದಿರಿಗೆ ಪಿಎಚ್‌ಡಿ ನಂತರ ಅರ್ಜಿ ಹಾಕಲು ಇರುವ ಅರ್ಹತೆಯ ಅವಧಿಯನ್ನು ಪ್ರತಿ ಮಗುವಿಗೆ 18 ತಿಂಗಳು ಹೆಚ್ಚಿಸುತ್ತಾ ಬಂದಿದೆ. ಆದರೂ ನಾನು ಕೂತ ಆಯ್ಕೆ ಸಮಿತಿಗಳಲ್ಲಿ ನೋಡಿದ್ದೇನೆ, ಅರ್ಜಿಯಲ್ಲಿ ಕೆಲಸದಿಂದ ಪಡೆದ ವಿರಾಮದ ಕಲಂ ಅನ್ನು ಎಷ್ಟೋ ಜನ ಖಾಲಿ ಬಿಡುತ್ತಾರೆ. ಹೇಳಿಕೊಂಡರೆ ಸಣ್ಣದಾಗಿ ಕಾಣುತ್ತೇವೆ ಎಂಬ ಅಳುಕು. ಸಮಿತಿಗೆ ಆಗ ಕಾಣುವುದು ಪೇಪರ್ ಇಲ್ಲದ ಎರಡು ವರ್ಷ ಮಾತ್ರ. ಕಾರಣವನ್ನು ಊಹಿಸುವುದು ಮೇಜಿನ ಸುತ್ತ ಕೂತವರ ಮೂಡಿಗೆ ಬಿಟ್ಟದ್ದು. ಕಥೆ ಬೇಡ, ಕ್ಷಮೆ ಬೇಡ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾಕೆ ಅಂತ ಒಂದು ಸಾಲು ಬರೆದರೆ ಸಾಕು.